ಆರ್‌ನಲ್ಲಿ ಮಾಡೆಲ್ ಫಾರ್ಮುಲಾದಿಂದ ಒಂದು ವೇರಿಯಬಲ್ ತೆಗೆಯೋದು: ಸ್ಟ್ರಿಂಗ್ ಕತ್ತರಿಸಬೇಕಾ, ಅಪ್‌ಡೇಟ್ ಬಳಸಬೇಕಾ?

ಕಿರುಗಣಿತ

ಎಲ್ಲರಿಗೂ ನಮಸ್ಕಾರ. ನಮ್ಮ ತಂಡದಲ್ಲಿ ಮೊದಲಿಂದ ಓಡುತ್ತಿರುವ ಒಂದು ಆರ್ (ಅಂಕಿಅಂಶ ವಿಶ್ಲೇಷಣೆಯ ಭಾಷೆ) ಸ್ಕ್ರಿಪ್ಟ್ ಈಗ ನನ್ನ ಪಾಲಿಗೆ ಬಂದಿದೆ. ಕೆಲಸ ಇಷ್ಟೇ: ಒಂದು ದೊಡ್ಡ ರಿಗ್ರೆಷನ್ ಮಾಡೆಲ್ ಇದೆ, ಅಂದರೆ ಹಲವು ವೇರಿಯಬಲ್ ಬಳಸಿ ಒಂದರ ಬೆಲೆ ಅಂದಾಜು ಮಾಡೋದು. ಅದರಿಂದ ಒಂದೊಂದೇ ವೇರಿಯಬಲ್ ತೆಗೆದು ಮತ್ತೆ ಫಿಟ್ ಮಾಡಬೇಕು, ಉಳಿದವುಗಳ ಕೋಎಫಿಶಿಯೆಂಟ್ (ಗುಣಾಂಕ) ಎಷ್ಟು ಅಲುಗಾಡುತ್ತೆ ಅಂತ ಟೇಬಲ್ ಮಾಡಬೇಕು. ಸ್ಕ್ರಿಪ್ಟ್‌ನಲ್ಲಿ ಫಾರ್ಮುಲಾವನ್ನು ಸ್ಟ್ರಿಂಗ್ ಆಗಿ ಇಟ್ಟುಕೊಂಡು, ಜಿಸಬ್ (ಅಕ್ಷರ ಹುಡುಕಿ ಬದಲಿಸೋ ಫಂಕ್ಷನ್) ಬಳಸಿ ಹೆಸರು ಅಳಿಸಿ, ಆಮೇಲೆ ಆಸ್.ಫಾರ್ಮುಲಾಗೆ ಕೊಡುತ್ತಾರೆ. ಕೋಡನ್ನು ಓದೋಕೆ ಸಲೀಸಾಗಲಿ ಅಂತ ಕನ್ನಡ ಅಕ್ಷರದಲ್ಲೇ ಹಾಕುತ್ತಿದ್ದೇನೆ. ಓಡಿಸಿ ನೋಡುವವರು ಫಂಕ್ಷನ್‌ಗಳ ಮೂಲ ಹೆಸರು ಹಾಕಿಕೊಳ್ಳಿ. ಎಲ್ಎಂ ಅಂದರೆ ರಿಗ್ರೆಷನ್ ಫಿಟ್ ಮಾಡೋ ಫಂಕ್ಷನ್.

ಸೂತ್ರ <- "ರಕ್ತದೊತ್ತಡ ~ ತೂಕ + ವಯಸ್ಸು + ವಯಸ್ಸು_ವರ್ಗ"
ಹೊಸದು <- ಜಿಸಬ್(" + ವಯಸ್ಸು", "", ಸೂತ್ರ, ಫಿಕ್ಸ್ಡ್ = ಟ್ರೂ)
ಎಲ್ಎಂ(ಆಸ್.ಫಾರ್ಮುಲಾ(ಹೊಸದು), ಡೇಟಾ = ರೋಗಿಗಳು)

ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಆದರೆ ಸಮ್ಮರಿಯಲ್ಲಿ ತೂಕವೂ ಇಲ್ಲ, ವಯಸ್ಸು_ವರ್ಗವೂ ಇಲ್ಲ. ಅವುಗಳ ಬದಲು ತೂಕ_ವರ್ಗ ಅಂತ ಬಂದು ಕೂತಿದೆ. ಎಲ್ಲಿಂದ ಬಂತು ಇದು?

ಟಿಲ್ಡೆ

ಹೊಸದು ಅನ್ನೋದನ್ನು ಪ್ರಿಂಟ್ ಮಾಡಿ ನೋಡಿ, ಗೊತ್ತಾಗುತ್ತೆ. ಜಿಸಬ್ " + ವಯಸ್ಸು" ಅನ್ನೋ ತುಂಡನ್ನು ಸಿಕ್ಕ ಕಡೆಯಲ್ಲೆಲ್ಲ ಅಳಿಸುತ್ತೆ. ಮೊದಲನೆಯದು ಸರಿಯಾಗಿ ಹೋಯಿತು. ಎರಡನೆಯದು " + ವಯಸ್ಸು_ವರ್ಗ" ಇದರ ಮೊದಲ ಭಾಗ. ಅಷ್ಟನ್ನು ಅಳಿಸಿದರೆ ಉಳಿಯೋದು "_ವರ್ಗ". ಅದು ಹಿಂದಿನ "ತೂಕ"ಕ್ಕೆ ಹೋಗಿ ಅಂಟಿಕೊಂಡಿತು. ನಿಮ್ಮ ಡೇಟಾದಲ್ಲಿ ತೂಕ_ವರ್ಗ ಅಂತ ಒಂದು ಕಾಲಂ ನಿಜವಾಗಿಯೂ ಇದೆ ಅಂತ ಕಾಣುತ್ತೆ, ಹಾಗಾಗಿ ಆರ್ ತಕರಾರಿಲ್ಲದೆ ಫಿಟ್ ಮಾಡಿ ಕೊಟ್ಟಿದೆ. ಆ ಕಾಲಂ ಇಲ್ಲದೇ ಹೋಗಿದ್ದರೆ ಅಲ್ಲೇ ಎರರ್ ಬಂದು ಸಿಕ್ಕಿಬೀಳುತ್ತಿತ್ತು.

ಫಾರ್ಮುಲಾವನ್ನು ಅಕ್ಷರಗಳ ಸಾಲು ಅಂತ ನೋಡಿದರೆ ಇಂಥದ್ದು ಆಗೇ ಆಗುತ್ತೆ. ಆರ್‌ಗೆ ಅದು ಅಕ್ಷರದ ಸಾಲಲ್ಲ. ಟಿಲ್ಡೆ (~) ಅನ್ನೋ ಫಂಕ್ಷನ್‌ಗೆ ಎರಡು ಆರ್ಗ್ಯುಮೆಂಟ್ ಕೊಟ್ಟ, ಇನ್ನೂ ಲೆಕ್ಕ ಹಾಕದೆ ಹಾಗೇ ಇಟ್ಟಿರೋ ಒಂದು ಕರೆ. ಎಡಗಡೆ ಇದ್ದರೆ ಅದರ ಉದ್ದ 3, ಬರೀ ಬಲಗಡೆ ಮಾತ್ರ ಇದ್ದರೆ 2. ಫ[[2]] ಅಂದರೆ ಎಡಭಾಗ, ಫ[[3]] ಅಂದರೆ ಬಲಭಾಗ. ಇದನ್ನು ಬದಲಾಯಿಸೋಕೆ ಅಂತಲೇ ಅಪ್‌ಡೇಟ್ ಇದೆ:

ಫ <- ರಕ್ತದೊತ್ತಡ ~ ತೂಕ + ವಯಸ್ಸು + ವಯಸ್ಸು_ವರ್ಗ
ಅಪ್‌ಡೇಟ್(ಫ, . ~ . - ವಯಸ್ಸು)

ಉತ್ತರ: ರಕ್ತದೊತ್ತಡ ~ ತೂಕ + ವಯಸ್ಸು_ವರ್ಗ. ಇಲ್ಲಿ ಚುಕ್ಕಿ ಅಂದರೆ "ಈ ಬದಿಯಲ್ಲಿ ಮೊದಲು ಏನಿತ್ತೋ ಅದು". ಎಡಗಡೆಗೂ ಇದೇ ನಿಯಮ. ಲಾಗ್(.) ~ . ಅಂತ ಕೊಟ್ಟರೆ ರಕ್ತದೊತ್ತಡ ಹೋಗಿ ಲಾಗ್(ರಕ್ತದೊತ್ತಡ) ಆಗುತ್ತೆ, ಬಲಗಡೆ ಹಾಗೇ ಉಳಿಯುತ್ತೆ.

ಬೀಜಾಕ್ಷರ

ಟಿಲ್ಡೆ ಅವರು ಹೇಳಿದ್ದು ಸರಿ. ಆದರೆ ಸ್ಟ್ರಿಂಗ್ ಅಂದರೆ ಮುಟ್ಟಲೇಬಾರದು ಅಂತ ಅರ್ಥ ಮಾಡಿಕೊಳ್ಳಬೇಡಿ. ಹೆಸರುಗಳ ವೆಕ್ಟರ್ ಕೈಯಲ್ಲಿದ್ದರೆ ರಿಫಾರ್ಮುಲೇಟ್ ಬಹಳ ಚೊಕ್ಕ:

ಹೆಸರುಗಳು <- ಸಿ("ತೂಕ", "ವಯಸ್ಸು", "ವಯಸ್ಸು_ವರ್ಗ")
ರಿಫಾರ್ಮುಲೇಟ್(ಸೆಟ್‌ಡಿಫ್(ಹೆಸರುಗಳು, "ವಯಸ್ಸು"), ರೆಸ್ಪಾನ್ಸ್ = "ರಕ್ತದೊತ್ತಡ")

ಸೆಟ್‌ಡಿಫ್ ಪೂರ್ತಿ ಹೆಸರನ್ನು ಹೋಲಿಸುತ್ತೆ, ತುಂಡನ್ನಲ್ಲ. ನಿಮ್ಮ ಸ್ಕ್ರಿಪ್ಟ್‌ನ ತೊಂದರೆ ಸ್ಟ್ರಿಂಗ್ ಬಳಸಿದ್ದರಿಂದ ಬಂದದ್ದಲ್ಲ, ಇಡೀ ಫಾರ್ಮುಲಾವನ್ನು ಒಂದೇ ಸ್ಟ್ರಿಂಗ್ ಮಾಡಿ ಅದರೊಳಗೆ ಹುಡುಕಿದ್ದರಿಂದ ಬಂದದ್ದು. ಲೂಪ್‌ನಲ್ಲಿ ನೂರಾರು ವೇರಿಯಬಲ್ ಹಾಕಿ ತೆಗೆಯೋ ಕೆಲಸಕ್ಕೆ ನಾನು ಇವತ್ತಿಗೂ ರಿಫಾರ್ಮುಲೇಟನ್ನೇ ಬಳಸೋದು.

ಟಿಲ್ಡೆ

ಒಪ್ಪಿದೆ ಸರ್, ಮೊದಲಿಂದ ಫಾರ್ಮುಲಾ ಕಟ್ಟುವಾಗ ರಿಫಾರ್ಮುಲೇಟ್ ಒಳ್ಳೇದು. ಆದರೆ ಕೈಯಲ್ಲಿರೋ ಫಾರ್ಮುಲಾವನ್ನು ಬಿಚ್ಚಿ ಮತ್ತೆ ಕಟ್ಟುವಾಗ ಅದು ಎರಡು ವಸ್ತುಗಳನ್ನು ಬೀಳಿಸಿಬಿಡುತ್ತೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕಂದರೆ ಎರರ್ ಬರದೆ ಉತ್ತರ ಬದಲಾಗೋ ಜಾಗ ಇದು.

ಟರ್ಮ್ಸ್(ಫ) ಕರೆದು ಅದರ "ಟರ್ಮ್.ಲೇಬಲ್ಸ್" ತೆಗೆದರೆ ಪದಗಳ ಪಟ್ಟಿ ಸಿಗುತ್ತೆ. ಆ ಪಟ್ಟಿಯಲ್ಲಿ ಇಂಟರ್‌ಸೆಪ್ಟ್ (ಮಾಡೆಲ್‌ನ ಸ್ಥಿರಾಂಕ) ಇರಲ್ಲ. ಮೂಲ ಫಾರ್ಮುಲಾದಲ್ಲಿ - 1 ಅಂತ ಇಂಟರ್‌ಸೆಪ್ಟ್ ತೆಗೆದಿದ್ದರೆ, ಪಟ್ಟಿಯಿಂದ ಮತ್ತೆ ಕಟ್ಟಿದಾಗ ಇಂಟರ್‌ಸೆಪ್ಟ್ ವಾಪಸ್ ಬಂದಿರುತ್ತೆ. ರಿಫಾರ್ಮುಲೇಟ್‌ಗೆ ಇಂಟರ್‌ಸೆಪ್ಟ್ ಆರ್ಗ್ಯುಮೆಂಟ್ ಇದೆ, ಮರೆಯದೆ ಕೊಡಬೇಕು. ಅದಕ್ಕಿಂತ ಅಪಾಯದ್ದು ಆಫ್‌ಸೆಟ್, ಅಂದರೆ ಗುಣಾಂಕ 1 ಅಂತ ಗಟ್ಟಿ ಮಾಡಿ ಸೇರಿಸೋ ಪದ. ಎಣಿಕೆಗಳಿಗೆ ಬಳಸೋ ಪ್ವಾಸಾನ್ ಮಾಡೆಲ್‌ನಲ್ಲಿ ಆಫ್‌ಸೆಟ್(ಲಾಗ್(ಜನಸಂಖ್ಯೆ)) ಹಾಕಿ ದರವನ್ನು ಮಾಡೆಲ್ ಮಾಡುತ್ತೇವಲ್ಲ, ಅದೂ ಟರ್ಮ್.ಲೇಬಲ್ಸ್‌ನಲ್ಲಿ ಇರಲ್ಲ. ಬೇರೊಂದು ಅಟ್ರಿಬ್ಯೂಟ್‌ನಲ್ಲಿ ಇರುತ್ತೆ. ಪಟ್ಟಿಯಿಂದ ಮತ್ತೆ ಕಟ್ಟಿದರೆ ಆಫ್‌ಸೆಟ್ ಹೋಯಿತು. ಮಾಡೆಲ್ ದರದ ಬದಲು ಬರೀ ಎಣಿಕೆಯನ್ನು ಮಾಡೆಲ್ ಮಾಡುತ್ತೆ, ಸಮ್ಮರಿ ಮಾತ್ರ ನೋಡೋಕೆ ಅಚ್ಚುಕಟ್ಟಾಗಿರುತ್ತೆ. ಅಪ್‌ಡೇಟ್ ಇವೆರಡನ್ನೂ ಉಳಿಸಿಕೊಳ್ಳುತ್ತೆ.

ಓದುಗಿ

ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ಫಾರ್ಮುಲಾವನ್ನು ಸ್ಟ್ರಿಂಗ್ ಮಾಡಲೇಬೇಕು ಅಂದರೆ, ಉದಾಹರಣೆಗೆ ಟೇಬಲ್‌ನ ತಲೆಬರಹಕ್ಕೆ, ಡಿಪಾರ್ಸ್ ನಂಬಬೇಡಿ. ಸುಮಾರು 60 ಅಕ್ಷರ ದಾಟಿದ ಮೇಲೆ ಅದು ಸಾಲು ಮುರಿಯುತ್ತೆ, ಒಂದು ಸ್ಟ್ರಿಂಗ್ ಬದಲು ಎರಡೋ ಮೂರೋ ಬರುತ್ತೆ. ಚಿಕ್ಕ ಫಾರ್ಮುಲಾದಲ್ಲಿ ಪರೀಕ್ಷೆ ಮಾಡಿದ ಕೋಡ್ ದೊಡ್ಡ ಫಾರ್ಮುಲಾದಲ್ಲಿ ಕೈಕೊಡೋದು ಇದೇ ಕಾರಣಕ್ಕೆ. ಆರ್ 4.0.0ರಿಂದ ಡಿಪಾರ್ಸ್1 ಇದೆ, ಅದು ಒಂದೇ ಸ್ಟ್ರಿಂಗ್ ಕೊಡುತ್ತೆ. ಆಸ್.ಕ್ಯಾರೆಕ್ಟರ್(ಫ) ಅಂತೂ ಬೇಡವೇ ಬೇಡ, ಅದು ಟಿಲ್ಡೆ, ಎಡಭಾಗ, ಬಲಭಾಗ ಅಂತ ಮೂರು ತುಂಡು ಕೊಡುತ್ತೆ.

ಕಿರುಗಣಿತ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್‌ಡೇಟ್‌ಗೆ ಬದಲಾಯಿಸಿದೆ, ಸರಿಯಾದ ಫಾರ್ಮುಲಾ ಬರುತ್ತಿದೆ. ಆದರೆ ಎರಡು ಪ್ರಶ್ನೆ ಹುಟ್ಟಿಕೊಂಡಿವೆ.

ಒಂದು, ಮಾಡೆಲ್‌ನಲ್ಲಿ ವಯಸ್ಸು * ಲಿಂಗ ಅಂತ (ವಯಸ್ಸಿನ ಪರಿಣಾಮ ಲಿಂಗಕ್ಕೆ ತಕ್ಕಂತೆ ಬದಲಾಗೋ) ಇಂಟರ್‌ಆ್ಯಕ್ಷನ್ ಇದೆ, ಇನ್ನೊಂದು ಕಡೆ ಲಾಗ್(ವಯಸ್ಸು) ಕೂಡ ಇದೆ. - ವಯಸ್ಸು ಅಂದರೆ ಬರೀ ವಯಸ್ಸು ಹೋಗುತ್ತೆ, ಉಳಿದವು ಹಾಗೇ ಇರುತ್ತವೆ. ವಯಸ್ಸಿಗೆ ಸಂಬಂಧಪಟ್ಟದ್ದೆಲ್ಲ ಹೋಗಬೇಕು ಅಂದರೆ?

ಎರಡು, ಅನೋವಾದಿಂದ ಎರಡು ಮಾಡೆಲ್ ಹೋಲಿಸಲು ಹೋದರೆ, ಮಾಡೆಲ್‌ಗಳು ಒಂದೇ ಗಾತ್ರದ ಡೇಟಾದ ಮೇಲೆ ಫಿಟ್ ಆಗಿಲ್ಲ ಅಂತ ಎರರ್ ಬರುತ್ತಿದೆ. ನಾನು ಡೇಟಾ ಮುಟ್ಟಿಲ್ಲ. ಫಾರ್ಮುಲಾ ಮಾತ್ರ ಬದಲಾಗಿದೆ.

ಸಾಲುಲೆಕ್ಕ

ಎರಡನೇ ಪ್ರಶ್ನೆ ನನಗಿರಲಿ. ಈ ಇಡೀ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ ಅಂತ ನನ್ನ ಅನಿಸಿಕೆ.

ಫಾರ್ಮುಲಾ ಬದಲಾದರೆ ಡೇಟಾವೂ ಬದಲಾಗುತ್ತೆ. ಎಲ್ಎಂ ತನ್ನ ಫಾರ್ಮುಲಾದಲ್ಲಿರೋ ವೇರಿಯಬಲ್‌ಗಳನ್ನು ಮಾತ್ರ ನೋಡಿ, ಅವುಗಳಲ್ಲಿ ಯಾವುದಕ್ಕಾದರೂ ಎನ್‌ಎ (ಬೆಲೆ ಸಿಗದ ಖಾಲಿ ಜಾಗ) ಇರೋ ಸಾಲುಗಳನ್ನು ಬಿಟ್ಟುಬಿಡುತ್ತೆ. ಒಂದು ವೇರಿಯಬಲ್ ತೆಗೆದರೆ ಅದರ ಎನ್‌ಎಯಿಂದಾಗಿ ಹೊರಗಿದ್ದ ಸಾಲುಗಳು ಒಳಗೆ ಬರುತ್ತವೆ.

ಆರ್ ಜೊತೆಗೇ ಬರುವ ಏರ್‌ಕ್ವಾಲಿಟಿ ಡೇಟಾ ತೆಗೆದುಕೊಳ್ಳಿ. ನ್ಯೂಯಾರ್ಕ್‌ನ 1973ರ ಮೇಯಿಂದ ಸೆಪ್ಟೆಂಬರ್‌ವರೆಗಿನ 153 ದಿನಗಳ ಅಳತೆ. ಓಝೋನ್‌ನಲ್ಲಿ 37 ಎನ್‌ಎ, ಸೂರ್ಯವಿಕಿರಣದ ಕಾಲಂನಲ್ಲಿ 7 ಎನ್‌ಎ, ಅದರಲ್ಲಿ 2 ದಿನ ಎರಡೂ ಇಲ್ಲ. ಈಗ

ಮಾ1 <- ಎಲ್ಎಂ(ಓಝೋನ್ ~ ವಿಕಿರಣ + ಗಾಳಿ + ತಾಪ, ಡೇಟಾ = ಏರ್‌ಕ್ವಾಲಿಟಿ)
ಮಾ2 <- ಅಪ್‌ಡೇಟ್(ಮಾ1, . ~ . - ವಿಕಿರಣ)

ಮಾ1 ಬಳಸೋದು 111 ಸಾಲು. ಮಾ2 ಬಳಸೋದು 116. ಅನೋವಾ ನಿಮಗೆ ಎರರ್ ಕೊಟ್ಟಿದ್ದು ಪುಣ್ಯ. ಎಐಸಿ (ಮಾಡೆಲ್‌ಗಳನ್ನು ಹೋಲಿಸೋ ಅಂಕ, ಕಡಿಮೆ ಇದ್ದಷ್ಟೂ ಒಳ್ಳೇದು) ಬರೀ ವಾರ್ನಿಂಗ್ ಕೊಟ್ಟು ಸುಮ್ಮನಾಗುತ್ತೆ, ಅದೂ ಎರಡನ್ನೂ ಒಂದೇ ಕರೆಯಲ್ಲಿ ಕೊಟ್ಟರೆ ಮಾತ್ರ. ಲೂಪ್‌ನಲ್ಲಿ ಒಂದೊಂದಾಗಿ ಕರೆದರೆ ಅದಕ್ಕೆ ಹೋಲಿಸೋಕೆ ಇನ್ನೊಂದು ಮಾಡೆಲ್ಲೇ ಇರಲ್ಲ, ವಾರ್ನಿಂಗ್ ಎಲ್ಲಿಂದ ಬರಬೇಕು? ಅಂಕಿ ನೋಡಿ: ಮಾ1ರ ಎಐಸಿ ಸುಮಾರು 999, ಮಾ2ರದ್ದು ಸುಮಾರು 1050. ವಿಕಿರಣ ತೆಗೆದದ್ದಕ್ಕೆ ಎಐಸಿ 50ರಷ್ಟು ಏರಿತು ಅಂತ ಟೇಬಲ್‌ನಲ್ಲಿ ಬರುತ್ತೆ. ಅದೇ 111 ಸಾಲುಗಳ ಮೇಲೆ ಮಾ2 ಫಿಟ್ ಮಾಡಿದರೆ ಎಐಸಿ ಸುಮಾರು 1003. ನಿಜವಾದ ವ್ಯತ್ಯಾಸ 5ರ ಆಸುಪಾಸು. ಉಳಿದದ್ದೆಲ್ಲ ಹೆಚ್ಚುವರಿ 5 ದಿನಗಳ ಲೈಕ್‌ಲಿಹುಡ್ ಸೇರಿದ್ದರಿಂದ ಬಂದದ್ದು, ವಿಕಿರಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಕಿರುಗಣಿತ ಅವರೇ, ನಿಮ್ಮ ಟೇಬಲ್‌ನಲ್ಲಿ ಕೋಎಫಿಶಿಯೆಂಟ್ ಎಷ್ಟು ಅಲುಗಾಡಿತು ಅಂತ ತಾನೇ ನೋಡುತ್ತಿರೋದು? ವೇರಿಯಬಲ್ ಹೋಗಿದ್ದಕ್ಕೆ ಅಲುಗಾಡಿತೋ, ಬೇರೆ ರೋಗಿಗಳು ಒಳಗೆ ಬಂದಿದ್ದಕ್ಕೆ ಅಲುಗಾಡಿತೋ ಅಂತ ಈಗ ನಿಮಗೆ ಹೇಳೋಕೆ ಆಗಲ್ಲ.

ಕಿರುಗಣಿತ

ಸರ್, ಇದು ನಿಜಕ್ಕೂ ಗಂಭೀರ ವಿಷಯ. ಹಳೇ ಟೇಬಲ್‌ಗಳನ್ನೆಲ್ಲ ಮತ್ತೆ ನೋಡಬೇಕಾಗುತ್ತೆ. ಹಾಗಾದರೆ ಅಪ್‌ಡೇಟ್‌ಗೆ ಡೇಟಾ = ಮಾಡೆಲ್.ಫ್ರೇಮ್(ಮಾ1) ಅಂತ ಕೊಟ್ಟರೆ ಸಾಕಾ? ಹುಡುಕಿದಾಗ ಇದೇ ಉಪಾಯ ಸಿಕ್ಕಿತು.

ಸಾಲುಲೆಕ್ಕ

ಫಾರ್ಮುಲಾದಲ್ಲಿ ಬರೀ ಹೆಸರುಗಳಿದ್ದರೆ ಸಾಕು. ಲಾಗ್(ವಯಸ್ಸು) ಥರದ್ದು ಒಂದಿದ್ದರೂ ಸಾಲದು. ಮಾಡೆಲ್.ಫ್ರೇಮ್‌ನಲ್ಲಿ ಕಾಲಂನ ಹೆಸರೇ "ಲಾಗ್(ವಯಸ್ಸು)" ಅಂತ ಇರುತ್ತೆ, ಲಾಗ್ ಹಾಕಿ ಮುಗಿದ ಅಂಕಿ ಅದರಲ್ಲಿರುತ್ತೆ. ಹೊಸ ಫಿಟ್ ವಯಸ್ಸು ಅನ್ನೋ ಕಾಲಂ ಹುಡುಕುತ್ತೆ, ಅಲ್ಲಿ ಸಿಗಲ್ಲ. ಆಮೇಲೆ ಫಾರ್ಮುಲಾದ ಎನ್ವಿರಾನ್‌ಮೆಂಟ್‌ನಲ್ಲಿ, ಅಂದರೆ ಫಾರ್ಮುಲಾ ಹುಟ್ಟಿದ ಜಾಗದಲ್ಲಿರೋ ಹೆಸರುಗಳಲ್ಲಿ, ಹುಡುಕುತ್ತೆ. ಅಲ್ಲಿ ಯಾವುದಾದರೂ ವಯಸ್ಸು ಅನ್ನೋ ಹಳೇ ವೆಕ್ಟರ್ ಬಿದ್ದಿದ್ದರೆ ಅದನ್ನೇ ಎತ್ತಿಕೊಳ್ಳಲು ಹೋಗುತ್ತೆ. ಅದಕ್ಕೆ ನಾನು ಮಾಡೋದು ಹೀಗೆ. ಮೊದಲು ದೊಡ್ಡ ಮಾಡೆಲ್ ಫಿಟ್ ಮಾಡಿ, ಅದು ಬಳಸಿದ ಸಾಲುಗಳ ಹೆಸರನ್ನು ಹಿಡಿದು, ಮೂಲ ಡೇಟಾವನ್ನು ಅಷ್ಟಕ್ಕೆ ಇಳಿಸುತ್ತೇನೆ:

ಸಾಲುಗಳು <- ರೋನೇಮ್ಸ್(ಮಾಡೆಲ್.ಫ್ರೇಮ್(ಮಾ1))
ಸಮ <- ರೋಗಿಗಳು[ಸಾಲುಗಳು, ]

ಮುಂದಿನ ಎಲ್ಲ ಫಿಟ್‌ಗಳಿಗೂ, ದೊಡ್ಡದಕ್ಕೂ ಸೇರಿ, ಡೇಟಾ = ಸಮ. ಕೊನೆಗೆ ಪ್ರತಿ ಮಾಡೆಲ್‌ನ ಎನ್‌ಓಬಿಎಸ್ (ಬಳಸಿದ ಸಾಲುಗಳ ಸಂಖ್ಯೆ) ತೆಗೆದು ಟೇಬಲ್‌ನಲ್ಲಿ ಒಂದು ಕಾಲಂ ಹಾಕಿ. ಎಲ್ಲ ಸಾಲಿನಲ್ಲೂ ಒಂದೇ ಅಂಕಿ ಇರಬೇಕು.

ಕಾಡುಪುಟ

ಸಾಲುಲೆಕ್ಕ ಅವರ ಕೋಡ್ ಹೋಲಿಕೆಗೆ ಸರಿ. ಆದರೆ ಎನ್‌ಎ ಇರೋ ರೋಗಿಗಳು ಉಳಿದವರಿಗಿಂತ ಬೇರೆ ಥರದವರಾಗಿದ್ದರೆ, ಅವರನ್ನು ಕೈಬಿಟ್ಟು ಮಾಡಿದ ಎಲ್ಲ ಮಾಡೆಲ್‌ಗಳೂ ಒಂದೇ ರೀತಿ ವಾಲಿರುತ್ತವೆ. ಸಾಲು ಸಮ ಮಾಡಿದ್ದರಿಂದ ಆ ವಾಲಿಕೆ ಹೋಗಲ್ಲ. ಎಷ್ಟು ಸಾಲು ಹೋಯಿತು ಅಂತ ವರದಿಯಲ್ಲಿ ಬರೆಯಿರಿ, ಬಹಳ ಹೋಗಿದ್ದರೆ ಇಂಪ್ಯೂಟೇಷನ್ (ಖಾಲಿ ಬೆಲೆಗಳನ್ನು ಅಂದಾಜಿನಿಂದ ತುಂಬೋದು) ಬಗ್ಗೆ ಯೋಚಿಸಿ. ಇನ್ನೊಂದು, ಈ ಟೇಬಲ್ ನೋಡಿಕೊಂಡು ಯಾವ ವೇರಿಯಬಲ್ ಇಟ್ಟುಕೊಳ್ಳಬೇಕು ಅಂತ ತೀರ್ಮಾನ ಮಾಡಿ, ಅದೇ ಡೇಟಾದ ಮೇಲೆ ಪಿ-ವ್ಯಾಲ್ಯೂ ಕೊಡಬೇಡಿ. ಆಯ್ಕೆ ಮಾಡಿದ ಮೇಲಿನ ಪಿ-ವ್ಯಾಲ್ಯೂಗೆ ಅದರ ಮಾಮೂಲಿ ಅರ್ಥ ಉಳಿದಿರಲ್ಲ.

ಟಿಲ್ಡೆ

ಈಗ ಮೊದಲನೇ ಪ್ರಶ್ನೆ. ವಯಸ್ಸು * ಲಿಂಗ ಅಂದರೆ ವಯಸ್ಸು + ಲಿಂಗ + ವಯಸ್ಸು:ಲಿಂಗ. ಅದರಿಂದ - ವಯಸ್ಸು ಮಾಡಿದರೆ ಲಿಂಗ + ವಯಸ್ಸು:ಲಿಂಗ ಉಳಿಯುತ್ತೆ. ಇದು "ವಯಸ್ಸು ಇಲ್ಲದ ಮಾಡೆಲ್" ಅಲ್ಲ! ಲಿಂಗ ಫ್ಯಾಕ್ಟರ್ (ವರ್ಗಗಳಿರೋ ವೇರಿಯಬಲ್), ವಯಸ್ಸು ಅಂಕಿ ಆಗಿರುವಾಗ, ಪ್ರತಿ ಲಿಂಗಕ್ಕೂ ವಯಸ್ಸಿನ ಬೇರೆ ಬೇರೆ ಸ್ಲೋಪ್ ಅಂತ ಆರ್ ಅದನ್ನು ಬಿಡಿಸುತ್ತೆ. ಮೊದಲಿನ ಮಾಡೆಲ್ಲೇ ಬೇರೆ ರೂಪದಲ್ಲಿ ಬಂದಂತೆ, ಫಿಟೆಡ್ ವ್ಯಾಲ್ಯೂ ಎಲ್ಲ ಅವೇ. ಎರಡೂ ಫ್ಯಾಕ್ಟರ್ ಆಗಿದ್ದರೂ ಅಷ್ಟೇ. ಎರಡನ್ನೂ ಅನೋವಾಗೆ ಕೊಟ್ಟರೆ ಡಿಗ್ರೀಸ್ ಆಫ್ ಫ್ರೀಡಂ ವ್ಯತ್ಯಾಸ 0 ಅಂತ ಬರೋದು ಇದಕ್ಕೇ. ಟೇಬಲ್‌ನಲ್ಲಿ "ವಯಸ್ಸು ತೆಗೆದರೂ ಏನೂ ಬದಲಾಗಲಿಲ್ಲ" ಅಂತ ಯಾರಾದರೂ ಓದಿಬಿಟ್ಟರೆ ತೀರ್ಮಾನವೇ ತಲೆಕೆಳಗು.

ಲಾಗ್(ವಯಸ್ಸು) ವಿಷಯಕ್ಕೆ ಬಂದರೆ, ಅಪ್‌ಡೇಟ್‌ಗೆ ಅದು ಬೇರೆಯೇ ಒಂದು ಪದ. ಪಾಲಿ(ವಯಸ್ಸು, 2) ಮತ್ತು ಪಾಲಿ(ವಯಸ್ಸು, ಡಿಗ್ರೀ = 2) ಕೂಡ ಅದರ ಕಣ್ಣಿಗೆ ಎರಡು ಬೇರೆ ಪದಗಳು. ಹೇಗೆ ಬರೆದಿದೆಯೋ ಹಾಗೇ ಹೇಳಿ ತೆಗೆಯಬೇಕು. ಖಾಲಿ ಜಾಗ ಹೆಚ್ಚುಕಮ್ಮಿ ಆದರೆ ತೊಂದರೆ ಇಲ್ಲ, ವಯಸ್ಸು:ಲಿಂಗ ಬದಲು ಲಿಂಗ:ವಯಸ್ಸು ಅಂದರೂ ನಡೆಯುತ್ತೆ.

ಹಾಗಾಗಿ ಪ್ರತಿ ಪದದೊಳಗೆ ಯಾವ ವೇರಿಯಬಲ್‌ಗಳಿವೆ ಅಂತ ಆರ್‌ನನ್ನೇ ಕೇಳೋದು ಒಳ್ಳೇದು. ಆಲ್.ವಾರ್ಸ್ ಆ ಕೆಲಸ ಮಾಡುತ್ತೆ:

ಚರ_ತೆಗೆ <- ಫಂಕ್ಷನ್(ಫ, ಚರ) {
  ಪದಗಳು <- ಆಟ್ರ್(ಟರ್ಮ್ಸ್(ಫ), "ಟರ್ಮ್.ಲೇಬಲ್ಸ್")
  ಇದೆಯಾ <- ವಿಆಪ್ಲೈ(ಪದಗಳು, ಫಂಕ್ಷನ್(ಪ)
    ಚರ %ಇನ್% ಆಲ್.ವಾರ್ಸ್(ಎಸ್‌ಟಿಆರ್2ಲ್ಯಾಂಗ್(ಪ)), ಲಾಜಿಕಲ್(1))
  ಇಫ್ (!ಎನಿ(ಇದೆಯಾ)) ಸ್ಟಾಪ್("ಈ ವೇರಿಯಬಲ್ ಫಾರ್ಮುಲಾದಲ್ಲಿ ಇಲ್ಲ: ", ಚರ)
  ಕಳೆ <- ಪೇಸ್ಟ್0("(", ಪದಗಳು[ಇದೆಯಾ], ")", ಕೊಲ್ಯಾಪ್ಸ್ = " - ")
  ಅಪ್‌ಡೇಟ್(ಫ, ಆಸ್.ಫಾರ್ಮುಲಾ(ಪೇಸ್ಟ್(". ~ . -", ಕಳೆ)))
}

ಚರ_ತೆಗೆ(ಫ, "ವಯಸ್ಸು") ಅಂದರೆ ವಯಸ್ಸು, ಲಾಗ್(ವಯಸ್ಸು), ಐ(ವಯಸ್ಸು^2), ವಯಸ್ಸು:ಲಿಂಗ ಎಲ್ಲ ಹೋಗುತ್ತವೆ. ವಯಸ್ಸು_ವರ್ಗ ಉಳಿಯುತ್ತೆ, ಅದು ಬೇರೆ ಹೆಸರು. ಇಂಟರ್‌ಸೆಪ್ಟ್, ಆಫ್‌ಸೆಟ್ ಭದ್ರ. ಎಲ್ಲ ಪದಗಳೂ ಹೋದರೆ ರಕ್ತದೊತ್ತಡ ~ 1 ಉಳಿಯುತ್ತೆ. ಸ್ಟಾಪ್ ಸಾಲನ್ನು ದಯವಿಟ್ಟು ತೆಗೆಯಬೇಡಿ. ಇಲ್ಲದ ಪದವನ್ನು ಕಳೆದರೆ ಅಪ್‌ಡೇಟ್ ಮಾತಾಡದೆ ಹಳೇ ಫಾರ್ಮುಲಾವನ್ನೇ ವಾಪಸ್ ಕೊಡುತ್ತೆ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಗೊತ್ತೇ ಆಗಲ್ಲ.

ಬೀಜಾಕ್ಷರ

ಚೆನ್ನಾಗಿದೆ. ಕಂಸ ಹಾಕಿರೋದನ್ನು ಗಮನಿಸಿದೆ, ಎಲ್ಎಂಇ4 ಪ್ಯಾಕೇಜಿನ, ಗುಂಪಿನಿಂದ ಗುಂಪಿಗೆ ಬದಲಾಗೋ ಪರಿಣಾಮ ಇರೋ ಮಾಡೆಲ್‌ಗಳಿಗೆ ಅಂತ ತಾನೇ?

ಟಿಲ್ಡೆ

ಹೌದು ಸರ್. (1 | ಆಸ್ಪತ್ರೆ) ಅನ್ನೋ ರ‍್ಯಾಂಡಮ್ ಎಫೆಕ್ಟ್ ಇದ್ದರೆ ಟರ್ಮ್.ಲೇಬಲ್ಸ್‌ನಲ್ಲಿ ಅದು ಕಂಸ ಕಳಚಿಕೊಂಡು "1 | ಆಸ್ಪತ್ರೆ" ಆಗಿರುತ್ತೆ. ಆರ್‌ನಲ್ಲಿ ಕಂಬದ ಗುರುತಿಗಿಂತ (|) ಕೂಡುವ ಗುರುತು (+) ಬಿಗಿ. ಕಂಸ ಇಲ್ಲದೆ ತೂಕ + 1 | ಆಸ್ಪತ್ರೆ ಅಂತ ಅಂಟಿಸಿದರೆ ಅದು (ತೂಕ + 1) | ಆಸ್ಪತ್ರೆ ಅಂತ ಓದಿಕೊಳ್ಳುತ್ತೆ. ರಿಫಾರ್ಮುಲೇಟ್‌ಗೆ ಲೇಬಲ್ಸ್ ನೇರ ಕೊಟ್ಟರೂ ಇದೇ ಗತಿ. ಅದಕ್ಕೇ ಎಲ್ಲಕ್ಕೂ ಕಂಸ ಹಾಕಿಬಿಟ್ಟೆ, ಸಾದಾ ಪದಗಳಿಗೆ ಹಾಕಿದರೂ ನಷ್ಟವಿಲ್ಲ. ಫಿಕ್ಸೆಡ್ ಭಾಗ ಮಾತ್ರ ಬೇಕಾದರೆ ನೋಬಾರ್ಸ್, ರ‍್ಯಾಂಡಮ್ ಭಾಗ ಮಾತ್ರ ಬೇಕಾದರೆ ಫೈಂಡ್‌ಬಾರ್ಸ್ ಇವೆ.

ಐವಿರೆಗ್ ಅನ್ನೋ ಫಂಕ್ಷನ್ ಬಳಸೋ ಥರದ ಎರಡು ಭಾಗದ ಫಾರ್ಮುಲಾಗಳು ಬೇರೆ ಕಥೆ. ಅಲ್ಲಿ ಕಂಬ ಫಾರ್ಮುಲಾವನ್ನೇ ಎರಡು ಭಾಗ ಮಾಡುತ್ತೆ. ಅವಕ್ಕೆ ಫಾರ್ಮುಲಾ ಅನ್ನೋ ಹೆಸರಿನದೇ ಪ್ಯಾಕೇಜ್ ಇದೆ, ಅದರ ಅಪ್‌ಡೇಟ್‌ಗೆ . ~ . | . - ಪದ ಅಂತ ಕೊಟ್ಟರೆ ಎರಡನೇ ಭಾಗವನ್ನು ಮಾತ್ರ ಬದಲಾಯಿಸುತ್ತೆ.

ಓದುಗಿ

ಚುಕ್ಕಿಯ ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ. ಎಲ್ಎಂ(ರಕ್ತದೊತ್ತಡ ~ ., ಡೇಟಾ = ಸಮ) ಅಂದಾಗ ಚುಕ್ಕಿ ಅಂದರೆ "ಉಳಿದ ಎಲ್ಲ ಕಾಲಂಗಳು". ಅಪ್‌ಡೇಟ್ ಒಳಗೆ ಮಾತ್ರ ಅದು "ಮೊದಲು ಇದ್ದದ್ದು". ಫಿಟ್ ಆದ ಮಾಡೆಲ್‌ಗೆ ಅಪ್‌ಡೇಟ್ ಮಾಡಿದರೆ ತೊಂದರೆ ಇಲ್ಲ, ಅಷ್ಟರಲ್ಲಿ ಚುಕ್ಕಿ ಬಿಡಿಸಿ ಕಾಲಂ ಹೆಸರುಗಳಾಗಿರುತ್ತೆ. ಬರೀ ಫಾರ್ಮುಲಾ ಇಟ್ಟುಕೊಂಡು ಟರ್ಮ್ಸ್ ಕರೆದರೆ, ಚುಕ್ಕಿ ಇದೆ ಡೇಟಾ ಇಲ್ಲ ಅಂತ ಎರರ್. ಹಾಗಾಗಿ ಮೊದಲೇ ಬಿಡಿಸಿಕೊಳ್ಳಿ: ಫ <- ಫಾರ್ಮುಲಾ(ಟರ್ಮ್ಸ್(ಫ, ಡೇಟಾ = ಸಮ)).

ಈ ಬರವಣಿಗೆಯ ಬೇರು 1973ರಲ್ಲಿ ವಿಲ್ಕಿನ್ಸನ್ ಮತ್ತು ರಾಜರ್ಸ್ ಪ್ರಕಟಿಸಿದ ಸಂಕೇತ ಪದ್ಧತಿ. ಜೆನ್‌ಸ್ಟಾಟ್ ಅನ್ನೋ ಅಂಕಿಅಂಶ ಸಾಫ್ಟ್‌ವೇರ್‌ನಲ್ಲಿ ಚುಕ್ಕಿ ಅಂದರೆ ಇಂಟರ್‌ಆ್ಯಕ್ಷನ್. ಆರ್‌ನ ಪೂರ್ವಜ ಎಸ್ ಭಾಷೆ ಆ ಕೆಲಸಕ್ಕೆ ಕೋಲನ್ ಇಟ್ಟುಕೊಂಡಿತು. ಜೆನ್‌ಸ್ಟಾಟ್‌ನಲ್ಲಿ ಬರೆದ ಹಳೇ ವರದಿಗಳನ್ನು ಆರ್‌ಗೆ ತರುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೇದು.

ಹೊಸಪೈಥಾನ್

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಪೈಥಾನ್‌ನ ಸ್ಟ್ಯಾಟ್ಸ್‌ಮಾಡೆಲ್ಸ್‌ನಲ್ಲಿ ಇದಕ್ಕೆ ಸಮನಾದದ್ದು ಏನಾದರೂ ಇದೆಯಾ? ಅಲ್ಲಿ ಫಾರ್ಮುಲಾ ಅಂದರೆ ಸ್ಟ್ರಿಂಗ್ ತಾನೇ.

ಬೀಜಾಕ್ಷರ

ಅಪ್‌ಡೇಟ್ ಥರ ಚುಕ್ಕಿ ಬಳಸೋ ದಾರಿ ಅಲ್ಲಿ ಇಲ್ಲ. ಫಾರ್ಮುಲಾ ಓದೋ ಲೈಬ್ರರಿಯಾದ ಪ್ಯಾಟ್ಸಿಯಲ್ಲಿ ಮಾಡೆಲ್‌ಡೆಸ್ಕ್ ಮೂಲಕ ಫಾರ್ಮುಲಾವನ್ನು ಪದಗಳ ಪಟ್ಟಿಯಾಗಿ ಬಿಡಿಸಬಹುದು. ಆದರೆ ಹೆಚ್ಚಿನ ಕೆಲಸಕ್ಕೆ ಹೆಸರುಗಳ ಲಿಸ್ಟ್ ಇಟ್ಟುಕೊಂಡು, ಬೇಡದ್ದನ್ನು ತೆಗೆದು, ಜಾಯಿನ್ ಮಾಡೋದೇ ಸುಲಭ. ಹೆಸರಲ್ಲಿ ಖಾಲಿ ಜಾಗ ಇದ್ದರೆ ಕ್ಯೂ() ಒಳಗೆ ಹಾಕಿ. ಎನ್‌ಎ ಸಾಲುಗಳ ತೊಂದರೆ ಅಲ್ಲೂ ಹಾಗೇ ಇದೆ, ಸಾಲುಲೆಕ್ಕ ಅವರು ಬರೆದದ್ದನ್ನು ಪೈಥಾನ್‌ನವರೂ ಓದಬೇಕು. ಜೂಲಿಯಾ ಭಾಷೆಯಲ್ಲಾದರೆ @ಫಾರ್ಮುಲಾ ಮ್ಯಾಕ್ರೋ, ಅದರೊಳಗೆ ವೇರಿಯಬಲ್‌ನಲ್ಲಿಟ್ಟ ಹೆಸರು ಹಾಕೋಕೆ ಬರಲ್ಲ. ಟರ್ಮ್() ಬಳಸಿ ಪದಗಳನ್ನು ಕಟ್ಟಿ ಕೂಡಬೇಕು.

ಕಿರುಗಣಿತ

ಚರ_ತೆಗೆ ಅದ್ಭುತವಾಗಿ ಕೆಲಸ ಮಾಡುತ್ತಿದೆ, ಟಿಲ್ಡೆ ಅವರಿಗೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ಸಾಲುಗಳನ್ನೂ ಸಮ ಮಾಡಿದೆ. ಈಗ ಎಲ್ಲವನ್ನೂ ಒಂದು ಫಂಕ್ಷನ್ ಒಳಗೆ ಇಟ್ಟೆ, ಅಲ್ಲಿ ಒಂದು ತೊಡಕು. ಫಾರ್ಮುಲಾ ಹೊರಗಿಂದ ಬರುತ್ತೆ, ವೇಟ್ಸ್ (ಪ್ರತಿ ಸಾಲಿಗೆ ಕೊಡೋ ಪ್ರಾಮುಖ್ಯ) ಒಳಗೆ ಲೆಕ್ಕ ಹಾಕುತ್ತೇನೆ.

ಓಡಿಸು <- ಫಂಕ್ಷನ್(ಫ, ಸಮ) {
  ಭಾರ <- 1 / ಸಮ$ವೇರಿಯನ್ಸ್
  ಎಲ್ಎಂ(ಫ, ಡೇಟಾ = ಸಮ, ವೇಟ್ಸ್ = ಭಾರ)
}

ಭಾರ ಸಿಗುತ್ತಿಲ್ಲ ಅಂತ ಎರರ್. ಅದರ ಹಿಂದಿನ ಸಾಲಿನಲ್ಲೇ ಇದೆಯಲ್ಲ!

ಸಾಲುಲೆಕ್ಕ

ಫಾರ್ಮುಲಾ ತಾನು ಹುಟ್ಟಿದ ಎನ್ವಿರಾನ್‌ಮೆಂಟನ್ನು ಜೊತೆಗೇ ಹೊತ್ತುಕೊಂಡು ತಿರುಗುತ್ತೆ. ಎಲ್ಎಂ ವೇಟ್ಸ್ ಹುಡುಕೋದು ಮೊದಲು ಡೇಟಾದಲ್ಲಿ, ಆಮೇಲೆ ಆ ಫಾರ್ಮುಲಾದ ಎನ್ವಿರಾನ್‌ಮೆಂಟ್‌ನಲ್ಲಿ. ನಿಮ್ಮ ಫಾರ್ಮುಲಾ ಹೊರಗೆ ಹುಟ್ಟಿದ್ದು, ಅದಕ್ಕೆ ಓಡಿಸು ಒಳಗಿನ ಭಾರ ಕಾಣಲ್ಲ. ಅಪ್‌ಡೇಟ್ ಮಾಡಿದರೂ ಹೊಸ ಫಾರ್ಮುಲಾಗೆ ಹಳೆಯದರ ಎನ್ವಿರಾನ್‌ಮೆಂಟೇ ಬರುತ್ತೆ. ಹೊರಗೆ ಅಕಸ್ಮಾತ್ ಭಾರ ಅನ್ನೋ ಬೇರೆ ವೆಕ್ಟರ್ ಅದೇ ಉದ್ದದ್ದು ಇದ್ದಿದ್ದರೆ ಎರರ್ ಕೂಡ ಬರುತ್ತಿರಲಿಲ್ಲ, ಅದನ್ನೇ ಬಳಸಿ ಫಿಟ್ ಮಾಡುತ್ತಿತ್ತು.

ಎನ್ವಿರಾನ್‌ಮೆಂಟ್(ಫ) <- ಎನ್ವಿರಾನ್‌ಮೆಂಟ್() ಅಂತ ಒಂದು ಸಾಲು ಹಾಕಿದರೆ ಸರಿಹೋಗುತ್ತೆ. ಆದರೆ ಹೊರಗಿನ ಫಾರ್ಮುಲಾದಲ್ಲಿ ಬಳಕೆದಾರರ ಸ್ವಂತ ಫಂಕ್ಷನ್ ಏನಾದರೂ ಇದ್ದರೆ ಅದು ಕೈತಪ್ಪಬಹುದು. ನಾನಾದರೆ ಭಾರವನ್ನು ಡೇಟಾದೊಳಗೇ ಒಂದು ಕಾಲಂ ಮಾಡುತ್ತೇನೆ: ಸಮ$ಭಾರ <- 1 / ಸಮ$ವೇರಿಯನ್ಸ್. ಡೇಟಾದಲ್ಲಿ ಮೊದಲು ಹುಡುಕೋದರಿಂದ ಗೊಂದಲವೇ ಇಲ್ಲ. ಒಂದು ಎಚ್ಚರ: ಫಾರ್ಮುಲಾ ರಕ್ತದೊತ್ತಡ ~ . ಆಗಿದ್ದರೆ ಚುಕ್ಕಿ ಈ ಹೊಸ ಕಾಲಂ ಅನ್ನೂ ಸೇರಿಸಿಕೊಳ್ಳುತ್ತೆ. ಭಾರ ಹಾಕೋ ಮೊದಲೇ ಓದುಗಿ ಅವರು ಹೇಳಿದ ಹಾಗೆ ಚುಕ್ಕಿ ಬಿಡಿಸಿಕೊಂಡುಬಿಡಿ.

ಟಿಲ್ಡೆ

ಇದರದ್ದೇ ಇನ್ನೊಂದು ಮುಖ. ಓಡಿಸು ವಾಪಸ್ ಕೊಟ್ಟ ಮಾಡೆಲ್‌ಗೆ ಹೊರಗೆ ಅಪ್‌ಡೇಟ್ ಮಾಡೋಕೆ ಹೋಗಬೇಡಿ. ಮಾಡೆಲ್ ನೆನಪಿಟ್ಟುಕೊಂಡಿರೋದು "ಎಲ್ಎಂ(ಫ, ಡೇಟಾ = ಸಮ, ವೇಟ್ಸ್ = ಭಾರ)" ಅನ್ನೋ ಕರೆಯನ್ನು. ಅಪ್‌ಡೇಟ್ ಆ ಕರೆಯಲ್ಲಿ ಫಾರ್ಮುಲಾ ಬದಲಾಯಿಸಿ, ನೀವು ನಿಂತಿರೋ ಜಾಗದಲ್ಲಿ ಮತ್ತೆ ಓಡಿಸುತ್ತೆ. ಅಲ್ಲಿ ಸಮ ಅನ್ನೋದು ಇಲ್ಲದಿದ್ದರೆ ಎರರ್, ಬೇರೆ ಡೇಟಾಗೆ ಅದೇ ಹೆಸರಿದ್ದರೆ ಆ ಡೇಟಾದ ಮೇಲೆ ಫಿಟ್. ಆರ್‌ಡಿಎಸ್ ಫೈಲ್‌ನಲ್ಲಿ ಉಳಿಸಿದ ಮಾಡೆಲ್ ಮರುದಿನ ತೆರೆದು ಅಪ್‌ಡೇಟ್ ಮಾಡುವವರು ಡೇಟಾ = ಅಂತ ಪ್ರತಿಸಲ ಸ್ಪಷ್ಟವಾಗಿ ಕೊಡಲೇಬೇಕು. ಫಂಕ್ಷನ್ ಒಳಗೆ ಹುಟ್ಟಿದ ಫಾರ್ಮುಲಾ ಇದ್ದರೆ ಆ ಫಂಕ್ಷನ್‌ನ ಎನ್ವಿರಾನ್‌ಮೆಂಟ್ ಪೂರ್ತಿ ಫೈಲ್‌ಗೆ ಹೋಗುತ್ತೆ. ಚಿಕ್ಕ ಮಾಡೆಲ್‌ನ ಫೈಲ್ ವಿಪರೀತ ದೊಡ್ಡದಾಗಿ ಬಂದರೆ ಮೊದಲು ಅಲ್ಲೇ ನೋಡಿ.

ಕಿರುಗಣಿತ

ಭಾರವನ್ನು ಕಾಲಂ ಮಾಡಿದೆ, ಚುಕ್ಕಿಯನ್ನು ಮೊದಲೇ ಬಿಡಿಸಿಕೊಂಡೆ, ಓಡುತ್ತಿದೆ. ಎನ್‌ಓಬಿಎಸ್ ಕಾಲಂನಲ್ಲಿ ಮೇಲಿಂದ ಕೆಳಗೆ ಒಂದೇ ಅಂಕಿ ಇದೆ. ಒಂದು ಕೊನೇ ಪ್ರಶ್ನೆ: ಚರ_ತೆಗೆ ಆದ ಮೇಲೆ ಕೆಲವು ಫಾರ್ಮುಲಾಗಳಲ್ಲಿ ಪದಗಳ ಕ್ರಮ ಬದಲಾಗಿದೆ, ಇಂಟರ್‌ಆ್ಯಕ್ಷನ್ ಎಲ್ಲ ಕೊನೆಗೆ ಹೋಗಿವೆ. ಇದರಿಂದ ಏನಾದರೂ ತೊಂದರೆ ಇದೆಯಾ?

ಬೀಜಾಕ್ಷರ

ಅಪ್‌ಡೇಟ್ ಕೊನೆಗೆ ಫಾರ್ಮುಲಾವನ್ನು ಸರಳಗೊಳಿಸುತ್ತೆ, ಆಗ ಮುಖ್ಯ ಪದಗಳು ಮೊದಲು, ಎರಡರ ಇಂಟರ್‌ಆ್ಯಕ್ಷನ್ ಆಮೇಲೆ, ಮೂರರದ್ದು ಅದರ ನಂತರ ಬರುತ್ತವೆ. ಕೋಎಫಿಶಿಯೆಂಟ್, ಫಿಟೆಡ್ ವ್ಯಾಲ್ಯೂ, ಎಐಸಿ ಯಾವುದಕ್ಕೂ ಇದರಿಂದ ತೊಂದರೆ ಇಲ್ಲ. ಒಂದೇ ಮಾಡೆಲ್‌ಗೆ ಅನೋವಾ ಕರೆದರೆ ಮಾತ್ರ ಗಮನವಿರಲಿ. ಅದು ಪದಗಳನ್ನು ಒಂದರ ಮೇಲೊಂದು ಸೇರಿಸುತ್ತಾ ಲೆಕ್ಕ ಹಾಕೋದರಿಂದ, ಮುಖ್ಯ ಪದಗಳನ್ನೇ ಬೇರೆ ಕ್ರಮದಲ್ಲಿ ಬರೆದರೆ ಸಾಲುಗಳ ಅಂಕಿ ಬದಲಾಗಬಹುದು; ಇಂಟರ್‌ಆ್ಯಕ್ಷನ್‌ಗಳನ್ನು ಕೊನೆಗೆ ಹಾಕೋದನ್ನು ಮಾತ್ರ ಎಲ್ಎಂ ಹೇಗೂ ತಾನೇ ಮಾಡುತ್ತೆ. ನಿಮ್ಮ ಟೇಬಲ್‌ಗೆ ಕೋಎಫಿಶಿಯೆಂಟ್ ಮಾತ್ರ ಬೇಕಿರೋದರಿಂದ ಹಾಗೇ ಬಿಡಿ. ಹಾಗೆಯೇ, ಒಂದೊಂದು ಪದ ತೆಗೆದರೆ ಎಐಸಿ ಏನಾಗುತ್ತೆ ಅಂತಷ್ಟೇ ಬೇಕಾದ ದಿನ ಈ ಲೂಪ್ ಬೇಡ, ಡ್ರಾಪ್1(ಮಾ1) ಸಾಕು. ಎಲ್ಎಂ ಮಾಡೆಲ್‌ಗೆ ಅದು ದೊಡ್ಡ ಮಾಡೆಲ್‌ನ ಸಾಲುಗಳ ಮೇಲೆಯೇ ಲೆಕ್ಕ ಹಾಕುತ್ತೆ, ಇಂಟರ್‌ಆ್ಯಕ್ಷನ್ ಉಳಿದಿರುವಾಗ ಅದರ ಮುಖ್ಯ ಪದವನ್ನು ಮುಟ್ಟಲ್ಲ.

ಕಿರುಗಣಿತ

ಡ್ರಾಪ್1 ಗೊತ್ತಿರಲಿಲ್ಲ, ಅದನ್ನೂ ಓಡಿಸಿ ನೋಡುತ್ತೇನೆ. ಹಳೇ ಟೇಬಲ್‌ಗಳಲ್ಲಿ ವಯಸ್ಸು ತೆಗೆದ ಸಾಲನ್ನು ಮೊದಲು ಮತ್ತೆ ಲೆಕ್ಕ ಹಾಕಿ ತಂಡದವರಿಗೆ ಕಳಿಸುತ್ತಿದ್ದೇನೆ, ಉಳಿದ ಸಾಲುಗಳು ಅದರ ಹಿಂದೆ. ಎಲ್ಲರಿಗೂ ಧನ್ಯವಾದ.